ಮೇಲೆ ಬರಲು ಕಾರಣ ಬೇಕಿಲ್ಲ

ನೀರಿನಡಿಯಲ್ಲಿ ಕೋಪ ಮಾಡಿಕೊಳ್ಳಬಾರದು. ನಾನು ಹೇಳಿಕೊಡುತ್ತಿದ್ದ ಮೊದಲ ಪಾಠಗಳಲ್ಲಿ ಇದೂ ಒಂದು. ಕೋಪ ಬಂದರೆ ಉಸಿರು ಜೋರಾಗುತ್ತದೆ, ಬೆನ್ನ ಮೇಲಿನ ಟ್ಯಾಂಕಿನ ಗಾಳಿ ಬೇಗ ಮುಗಿಯುತ್ತದೆ. ಹಾಗಾಗಿ ಕೆಲಸದಲ್ಲಿದ್ದಷ್ಟು ಕಾಲ ಕೋಪವನ್ನು ನುಂಗಿಕೊಂಡೇ ಬದುಕಿದೆ. ಈಗ ನಿವೃತ್ತಳಾಗಿದ್ದೇನೆ. ವರ್ಜೀನಿಯಾದ ಹರ್ನ್‌ಡನ್ನಿನ ಮನೆಯ ಡೆಕ್ ಮೇಲೆ ಕಾಫಿ ಹಿಡಿದು ಕೂತಿದ್ದೇನೆ, ಸುತ್ತ ಬೇಕಾದಷ್ಟು ಗಾಳಿ ಇದೆ. ಇನ್ನು ಕೋಪ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ನಮ್ಮವರ ಮಕ್ಕಳು ಈಗ ಸ್ಕೂಬಾ ಕಲಿಸುವ ಕೆಲಸಕ್ಕೂ ಬರತೊಡಗಿದ್ದಾರೆ. ಒಂದಿಬ್ಬರು ಫೋನ್ ಮಾಡಿ, "ಆಂಟಿ, ಈ ಜಾಬ್ ನಿಜವಾಗ್ಲೂ ಹೇಗಿರತ್ತೆ?" ಎಂದು ಕೇಳಿದರು. ಅವರ ಕಣ್ಣಲ್ಲಿರುವುದು ನೀಲಿ ನೀರು, ಬಣ್ಣದ ಮೀನು, ಬಿಸಿಲು. ನನ್ನ ಕೆಲಸ ಇದ್ದದ್ದು ವರ್ಜೀನಿಯಾ ಮತ್ತು ನಾರ್ತ್ ಕ್ಯಾರೊಲಿನಾ ಸೇರುವ ಕಡೆಯ ಕರಾವಳಿಯಲ್ಲಿ. ಅಲ್ಲಿ ವಸಂತಕಾಲದಲ್ಲೂ ಸ್ವಲ್ಪ ಕೆಳಗಿಳಿದರೆ ಫ್ರಿಜ್ಜಿನೊಳಗೆ ತಲೆ ಹಾಕಿದಂತಾಗುತ್ತದೆ. ನೀರು ಹಸಿರು, ಕೈ ಚಾಚಿದರೆ ಕೈಯೇ ಮಸುಕು. ನೋಡಲು ಇರುವುದು ತುಕ್ಕು ಹಿಡಿದ ಮುಳುಗಿದ ದೋಣಿ. ನಿಮ್ಮ ಹಿಂದೆ ಬರುವವರು ಅದನ್ನು ನೋಡುವುದೂ ಇಲ್ಲ, ಕ್ಯಾಮೆರಾ ನೋಡುತ್ತಿರುತ್ತಾರೆ.

ನಾನು ಲವೀನಾ, ಮಲ್ಪೆಯವಳು. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಗಂಡನ ವೀಸಾದ ಬಾಲ ಹಿಡಿದು ಈ ದೇಶಕ್ಕೆ ಬಂದೆ. ಕೆಲಸ ಮಾಡುವ ಹಕ್ಕಿಲ್ಲದೆ ವರ್ಷಗಟ್ಟಲೆ ಅಪಾರ್ಟ್‌ಮೆಂಟಿನ ಕಿಟಕಿಯಲ್ಲಿ ಕೂತು ಟೋಲ್ ರೋಡಿನ ಕಾರುಗಳನ್ನು ನೋಡಿದೆ. ಹಕ್ಕು ಸಿಕ್ಕ ಕೂಡಲೇ ಒಂದು ಡೈವ್ ಅಂಗಡಿಯಲ್ಲಿ ಟ್ಯಾಂಕ್ ತುಂಬಿಸಲು ಸೇರಿದೆ. ಅಲ್ಲಿಂದ ಇನ್‌ಸ್ಟ್ರಕ್ಟರ್ ಆದದ್ದು ಹೇಗೆಂಬುದರಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ, ಅದನ್ನು ಬಿಡುತ್ತೇನೆ. ಕೊರೋನಾದಿಂದೀಚಿನ ಕಡೆಯ ವರ್ಷಗಳ ಮಾತು ಮಾತ್ರ ಹೇಳುತ್ತೇನೆ. ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿರುವುದು ಅದೇ.

ಅಂಗಡಿಯೂ ದೋಣಿಯೂ ಗ್ರೆಗ್ ಎಂಬವನದು. ಒಳ್ಳೆಯ ಈಜುಗಾರ, ಒಳ್ಳೆಯ ಕ್ಯಾಪ್ಟನ್. ಗಿರಾಕಿ ಎದುರಿಗೆ ಬಂದರೆ ಮಾತ್ರ ಅವನ ಬೆನ್ನುಮೂಳೆ ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ. ಎರಡು ಸಾವಿರದ ಇಪ್ಪತ್ತರಲ್ಲಿ ಅಂಗಡಿಗೆ ಬೀಗ ಬಿತ್ತು. ಮಾರನೆಯ ವರ್ಷ ತೆರೆದಾಗ ಬಾಗಿಲಲ್ಲಿ ಜಾತ್ರೆ. ಮನೆಯಲ್ಲಿ ಕೂತು ಕೂತು ಬೇಸತ್ತ ಐಟಿಯವರೆಲ್ಲ ಒಟ್ಟಿಗೇ ಸ್ಕೂಬಾ ಕಲಿಯಲು ಹೊರಟಿದ್ದರು. ಪಾಠವೆಲ್ಲ ಆನ್‌ಲೈನ್ ಆಯಿತು. ಮುಂಚೆ ತರಗತಿಯಲ್ಲಿ ಒಬ್ಬೊಬ್ಬರ ಮುಖ ನೋಡಿದರೆ ಯಾರಿಗೆ ಹೆದರಿಕೆ, ಯಾರಿಗೆ ಅಹಂಕಾರ ಎಂದು ನನಗೆ ಗೊತ್ತಾಗುತ್ತಿತ್ತು. ಈಗ ಒಬ್ಬ ಪುಣ್ಯಾತ್ಮ ಆಫೀಸಿನ ಮೀಟಿಂಗ್ ನಡೆಯುತ್ತಿರುವಾಗಲೇ ಕಂಪ್ಯೂಟರಿನ ಪಕ್ಕದ ಕಿಟಕಿಯಲ್ಲಿ ನೆಕ್ಸ್ಟ್ ನೆಕ್ಸ್ಟ್ ಒತ್ತಿ ಮುಗಿಸಿದೆ ಎಂದು ಹೆಮ್ಮೆಯಿಂದ ಹೇಳಿಕೊಂಡ. ಉಸಿರು ಕಟ್ಟಿದಾಗ ಏನು ಮಾಡಬೇಕೆಂಬ ಪಾಠವನ್ನೂ ಹಾಗೆಯೇ ಒತ್ತಿ ದಾಟಿದ್ದ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ನೀರಿಗೆ ಯಾವಾಗಲೂ ಜೋಡಿಯಾಗಿ ಇಳಿಯಬೇಕು. ಪ್ರತಿಯೊಬ್ಬರ ಹತ್ತಿರವೂ ಬಾಯಿಗೆ ಕಚ್ಚಿಕೊಳ್ಳುವ ಗಾಳಿಯ ಕೊಳವೆ ಎರಡಿರುತ್ತವೆ. ಒಂದು ತನಗೆ, ಇನ್ನೊಂದು ಜೋಡಿಯವನ ಗಾಳಿ ಮುಗಿದರೆ ಅವನಿಗೆ. ಇನ್ನೊಬ್ಬರ ಟ್ಯಾಂಕಿನಿಂದ ನಿಜವಾಗಿ ಉಸಿರೆಳೆದು ಅಭ್ಯಾಸ ಮಾಡಿದರೆ ಮಾತ್ರ ಅಪಾಯದಲ್ಲಿ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಸೋಂಕಿನ ಭಯದಲ್ಲಿ ಗ್ರೆಗ್ ಅದನ್ನು ನಿಲ್ಲಿಸಿಬಿಟ್ಟ. ಕೊಳವೆ ಕೊಡುವುದು, ಅವರು ಕೈಯಲ್ಲಿ ಹಿಡಿದು ಓಕೆ ಎಂದು ಸನ್ನೆ ಮಾಡುವುದು, ಪಾಸ್. "ಬೇಕಾದರೆ ಸೋಪಿನ ನೀರಲ್ಲಿ ಅದ್ದಿ ತೆಗೆಯೋಣ, ಆದರೆ ಬಾಯಿಗೆ ಹಾಕಿಸೋಣ" ಎಂದು ನಾನು ಗೋಗರೆದೆ. "ಗಿರಾಕಿಗಳಿಗೆ ಮುಜುಗರ ಆಗಬಾರದು, ಲವೀನಾ" ಎಂದ. ಮುಜುಗರವಂತೆ! ಹೆಣವಾದರೆ ಮುಜುಗರವೇ ಇರುವುದಿಲ್ಲ.

ಆ ಅಭ್ಯಾಸ ಮತ್ತೆ ಶುರುವಾದಾಗ ನಮ್ಮವರ ಜೊತೆ ಬೇರೆಯೇ ರಗಳೆ. ಚಳಿಗಾಲದಲ್ಲಿ ನಾನು ಅಟ್ಲಾಂಟಾ ಕಡೆ ಡ್ರೈವ್ ಮಾಡಿಕೊಂಡು ಹೋಗಿ ನಾರ್‌ಕ್ರಾಸಿನ ಒಂದು ಈಜುಕೊಳದಲ್ಲಿ ಕಲಿಸುತ್ತಿದ್ದೆ. ಅಲ್ಲೇ ಹತ್ತಿರದ ಜಾನ್ಸ್ ಕ್ರೀಕಿನಿಂದ ಒಂದು ಕನ್ನಡದ ಗುಂಪು ಬಂದಿತ್ತು. ಅವರಲ್ಲಿ ಸ್ವಲ್ಪ ವಯಸ್ಸಾದ ಒಬ್ಬ ಮಹನೀಯರಿಗೆ ಕೊಳದ ತಳದಲ್ಲಿ ನನ್ನ ಕೊಳವೆ ಕೊಟ್ಟೆ. ಅವರು ತಮ್ಮದನ್ನು ಬಾಯಿಂದ ತೆಗೆದರು, ನನ್ನದನ್ನು ಹಿಡಿದು ನೋಡಿದರು, ಹೆಬ್ಬೆರಳಿನಿಂದ ಅದರ ಬಾಯಿಯನ್ನು ಚೆನ್ನಾಗಿ ಉಜ್ಜತೊಡಗಿದರು. ಆಮೇಲೆ ಮುಖ ಮೇಲೆತ್ತಿ ಅದನ್ನು ತುಟಿಗೆ ತಾಗದಷ್ಟು ದೂರದಲ್ಲಿ ಹಿಡಿದು ಬಾಯಿ ತೆರೆದರು. ಅಷ್ಟು ವರ್ಷ ಚೊಂಬಿನ ನೀರನ್ನು ಎತ್ತಿ ಕುಡಿದ ಅಭ್ಯಾಸ. ಒಂದು ಗುಟುಕು ಕ್ಲೋರಿನ್ ನೀರು ಹೋದದ್ದೇ ತಡ, ರಾಕೆಟ್ಟಿನಂತೆ ಮೇಲಕ್ಕೆ ಹಾರಿದರು.

"ಏನ್ ಸ್ವಾಮಿ ಮಾಡ್ತಿದ್ರಿ?" ಎಂದೆ.

"ಅಲ್ಲ ಮೇಡಂ, ನಿಮ್ಮ ಎಂಜಲು ಅಂತಲ್ಲ... ಸುಮ್ನೆ ಒಂದ್ಸಲ ತೊಳ್ಕೊಂಡೆ."

"ನೀರೊಳಗೇ ಇದ್ದೀರಲ್ಲ, ಇನ್ನೇನ್ ತೊಳ್ಯೋದು?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನೂ ನಕ್ಕೆ. ಆ ಮಹನೀಯರು ಬಾಯಿಗಿಟ್ಟು ಉಸಿರಾಡುವವರೆಗೆ ಆ ದಿನ ಕೊಳದಿಂದ ಬಿಡಲಿಲ್ಲ. ಈಗ ಅವರು ನನ್ನ ಅತ್ಯುತ್ತಮ ಶಿಷ್ಯರಲ್ಲೊಬ್ಬರು. ಆದರೆ ವಾಪಸ್ ಬರುವ ದಾರಿಯುದ್ದಕ್ಕೂ ನನಗೆ ನಗು ಬರಲಿಲ್ಲ. ಹಿಂದಿನ ವರ್ಷ ಕೈಯಲ್ಲಿ ಹಿಡಿದು ಓಕೆ ಮಾಡಿಸಿ ಕಳಿಸಿದವರೆಲ್ಲ ಎಲ್ಲೆಲ್ಲಿ ಇಳಿಯುತ್ತಿದ್ದಾರೋ ಎಂದು ಒಬ್ಬೊಬ್ಬರ ಮುಖ ನೆನಪಾಗುತ್ತಿತ್ತು.

ಆ ಮುಖಗಳಲ್ಲಿ ಪ್ರಸನ್ನನದೂ ಒಂದು. ಮೈಸೂರಿನ ಹುಡುಗ, ಹರ್ನ್‌ಡನ್ನಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ವೀಸಾ ಮೇಲೆ ಕೆಲಸ. ವರ್ಜೀನಿಯಾದ ಹಳೆಯ ಕಲ್ಲುಕ್ವಾರಿಯಲ್ಲಿ ನೀರು ತುಂಬಿಸಿ ಮಾಡಿದ ಕೆರೆಯಲ್ಲಿ ಅವನಿಗೆ ನಾನೇ ಕಲಿಸಿದ್ದೆ. ನಮ್ಮ ಕಸುಬಿನ ಅತಿ ದೊಡ್ಡ ನಿಯಮ ಅಲ್ಲೇ ಕಲಿಸುವುದು. ಹೆಬ್ಬೆರಳು ಮೇಲಕ್ಕೆತ್ತಿದರೆ 'ಮೇಲೆ ಹೋಗೋಣ' ಎಂದರ್ಥ. ಯಾರು ಬೇಕಾದರೂ, ಯಾವಾಗ ಬೇಕಾದರೂ ತೋರಿಸಬಹುದು. ಜೋಡಿಯವನು ಏಕೆ ಎಂದು ಕೇಳುವಂತಿಲ್ಲ, ಜೊತೆಗೆ ಮೇಲೆ ಬರಬೇಕು. ಮೇಲೆ ಬಂದ ಮೇಲೂ ಅಣಕಿಸುವಂತಿಲ್ಲ.

ಪ್ರಸನ್ನ ಆ ಕೆರೆಯಲ್ಲಿ ಹೆಬ್ಬೆರಳು ತೋರಿಸಿದ್ದಕ್ಕೆ ಲೆಕ್ಕವಿಲ್ಲ. ಡೈವಿಂಗ್ ಕನ್ನಡಕದೊಳಗೆ ನೀರು ಬಂತೆಂದು, ಚಳಿಯಾಯಿತೆಂದು, ಒಮ್ಮೆ ಯಾಕೋ ಹಿಡಿಸಲಿಲ್ಲವೆಂದು. ಜೊತೆಯವರು ಲಿಫ್ಟ್ ಎಂದು ಹೆಸರಿಟ್ಟು ಕಾಲೆಳೆದರು.

"ಸಾರಿ ಆಂಟಿ, ನಂದೇ ಜಾಸ್ತಿ ಆಗ್ತಿದೆ" ಎಂದ.

"ಸಾರಿ ಗೀರಿ ಹೇಳ್ಬೇಡ. ನೀನು ಮುದುಕ ಆಗೋವರೆಗೂ ಡೈವ್ ಮಾಡ್ತೀಯ. ನಿನ್ನ ನೋಡಿ ನಗೋ ಇವ್ರು ಮಾಡಲ್ಲ" ಎಂದೆ. ಅವನ ಮುಖ ಅರಳಿತು. ನಿಜವಾಗಿಯೂ ಅಂಥ ಡೈವರ್ ನನಗೆ ಇಷ್ಟ.

ಜಾನ್ಸ್ ಕ್ರೀಕಿನ ಗುಂಪು ನಕ್ಕು ಹೋದ ಆ ಚಳಿಗಾಲ ಕಳೆದು ವಸಂತ ಬಂದಾಗ ಪ್ರಸನ್ನನ ಮ್ಯಾನೇಜರ್ ರಘುನಂದನ್ ತನ್ನ ಟೀಮನ್ನೆಲ್ಲ ಕಟ್ಟಿಕೊಂಡು ನಮ್ಮ ದೋಣಿ ಬುಕ್ ಮಾಡಿದ. ಟೀಮ್ ಬಿಲ್ಡಿಂಗ್ ಅಂತೆ. ಬೆಂಗಳೂರಿನವನು, ಮಾತು ಬೆಣ್ಣೆ. ಬಿಸಿನೀರಿನ ಸಮುದ್ರಗಳಲ್ಲಿ ಬೇಕಾದಷ್ಟು ಡೈವ್ ಮಾಡಿದ್ದ, ತಣ್ಣೀರಿನಲ್ಲಿ ಇಲ್ಲ. ನೋಡಬೇಕಾದದ್ದು 'ಲೂಲಾ ಮೇ' ಎಂಬ ಟ್ರಾಲರ್. ಮೀನು ಹಿಡಿಯುತ್ತಿದ್ದಾಗಲೇ ಮುಳುಗಿದ ದೋಣಿ. ಬಲೆ ಎಳೆಯುವ ಕಬ್ಬಿಣದ ಕಮಾನು ಹಿಂಭಾಗದಲ್ಲಿ ಇನ್ನೂ ನಿಂತಿದೆ, ಅದರಿಂದ ಹಳೆಯ ಬಲೆ ಜೋತುಬಿದ್ದಿದೆ. ಮಲ್ಪೆ ಬಂದರಿನಲ್ಲಿ ಬಲೆಗಳ ಮಧ್ಯೆ ಬೆಳೆದವಳು ನಾನು. ನೀರಿನಲ್ಲಿ ಹಾಗೆ ಸುಮ್ಮನೆ ತೂಗುವ ಬಲೆ ಕಂಡರೆ ನನ್ನ ಮೈ ಜುಮ್ಮೆನ್ನುತ್ತದೆ.

ದೋಣಿಯ ಮೇಲೆ ಜೋಡಿ ಮಾಡುವಾಗ ಪ್ರಸನ್ನ ನನ್ನ ಜೊತೆ ಎಂದೆ.

"ಬೇಡ ಆಂಟಿ, ಅವ್ನು ನನ್ ಜೊತೆ ಇರ್ಲಿ. ನಾನು ಶೂಟ್ ಮಾಡ್ತೀನಿ, ಅವ್ನು ಲೈಟ್ ಹಿಡೀತಾನೆ" ಎಂದ ರಘುನಂದನ್. "ಅಲ್ವೇನೋ ಪ್ರಸನ್ನ?"

"ಹೌದು ಸರ್" ಎಂದ ಪ್ರಸನ್ನ.

ಆ 'ಹೌದು ಸರ್' ನನಗೆ ಸರಿಬರಲಿಲ್ಲ. ಈ ಜೋಡಿ ಬೇಡವೆಂದು ಗ್ರೆಗ್‌ಗೆ ಹೇಳಿದೆ. ಇಡೀ ದೋಣಿ ಬುಕ್ ಮಾಡಿದ್ದು ಅವರು, ಅವರಿಗೆ ಬೇಕಾದಂತೆ ಇರಲಿ ಎಂದು ಗ್ರೆಗ್ ತೀರ್ಮಾನ ಮಾಡಿಬಿಟ್ಟ. ನಾನು ನಿಯಮವನ್ನು ಎಲ್ಲರೆದುರಿಗೂ ಮತ್ತೊಮ್ಮೆ ಹೇಳಿದೆ. "ಮುಳುಗಿರೋ ದೋಣಿ ಒಳಗೆ ಯಾರೂ ಹೋಗ್ಬಾರ್ದು, ಬಲೆ ಹತ್ರ ಸುಳೀಬಾರ್ದು. ಮೇಲೆ ಬರೋಕೆ ಕಾರಣ ಬೇಕಿಲ್ಲ, ಹೆಬ್ಬೆರಳು ಸಾಕು." ರಘುನಂದನ್ ನಕ್ಕು, "ನನ್ ಟೀಮಲ್ಲಿ ಕಾರಣ ಇಲ್ದೆ ಯಾರೂ ಮೇಲಿನವ್ರಿಗೆ ಎಸ್ಕಲೇಟ್ ಮಾಡಲ್ಲ ಆಂಟಿ" ಎಂದ. ಹುಡುಗರೆಲ್ಲ ನಕ್ಕರು. ನಗಲೇಬೇಕಲ್ಲ!

ಇಳಿದೆವು. ಒಂದು ಹಂತ ದಾಟಿದ ಕೂಡಲೇ ಚಳಿ ಕೆನ್ನೆಗೆ ಹೊಡೆದಂತೆ ಬಂತು. ನನ್ನ ಜೊತೆಗಿದ್ದವರು ಟ್ರಾಲರಿನ ಮುಂಭಾಗದಲ್ಲಿ, ಇಳಿದು ಬಂದ ಹಗ್ಗ ಹಿಡಿದುಕೊಂಡು ಬುದ್ಧಿವಂತರಾಗಿ ಇದ್ದರು. ಅವರನ್ನು ಗ್ರೆಗ್ ಕಳಿಸಿದ್ದ ಇನ್ನೊಬ್ಬ ಗೈಡ್‌ಗೆ ಒಪ್ಪಿಸಿ, ಪ್ರಸನ್ನ ಎಲ್ಲೆಂದು ನೋಡಲು ನಾನು ಹಿಂಭಾಗಕ್ಕೆ ಹೋದೆ. ಚುಕ್ಕಾಣಿ ಕೋಣೆಯ ಒಳಗಿನಿಂದ ಕ್ಯಾಮೆರಾದ ಬೆಳಕು ಕಂಡಿತು. ಒಳಗೆ ಹೋಗಬಾರದೆಂದು ಹೇಳಿದ್ದ ಜಾಗ. ಅದರ ಹೊರಗೆ, ಕಮಾನಿನ ಕೆಳಗೆ, ಪ್ರಸನ್ನ. ಅವನ ಟ್ಯಾಂಕಿನ ಕುತ್ತಿಗೆಗೆ ಬಲೆ ಸುತ್ತಿಕೊಂಡಿತ್ತು.

ಅವನು ಒದ್ದಾಡುತ್ತಿರಲಿಲ್ಲ. ಮೀಟಿಂಗಿನಲ್ಲಿ ಬಾಸ್ ಮಾತು ಮುಗಿಸಲಿ ಎಂದು ಕಾಯುವವನ ಹಾಗೆ ಸುಮ್ಮನೆ ನಿಂತಿದ್ದ. ಒಂದು ಕೈಯಲ್ಲಿ ಲೈಟನ್ನು ಕೋಣೆಯ ಕಡೆಗೇ ಹಿಡಿದಿದ್ದ. ಅದನ್ನು ನೆನೆದರೆ ಇವತ್ತಿಗೂ ನನ್ನ ನೆತ್ತಿ ಕಾಯುತ್ತದೆ.

ಅವನ ಗಾಳಿಯ ಗೇಜ್ ತಿರುಗಿಸಿ ನೋಡಿದೆ. ಮುಳ್ಳು ಕೆಂಪಿನ ತುದಿಯಲ್ಲಿತ್ತು. ನನ್ನ ಎರಡನೆಯ ಕೊಳವೆ ತೆಗೆದು ಕೊಟ್ಟೆ. ಅವನು ತೆಗೆದುಕೊಂಡ. ಎದೆಯ ಮುಂದೆ ಹಿಡಿದ. ಇನ್ನೊಂದು ಕೈಯಿಂದ ನನಗೆ ಓಕೆ ಎಂದು ಸನ್ನೆ ಮಾಡಿದ.

ಹಾಗೆಯೇ ಅವನಿಗೆ ನಾವು ಕಲಿಸಿದ್ದು. ಹಿಡಿ, ಓಕೆ ಮಾಡು, ಪಾಸ್. ಚಳಿಯಲ್ಲಿ ಮಂಕಾದ ತಲೆಗೆ ನೆನಪಾದದ್ದು ಅಷ್ಟೇ. ಅವನ ಬಾಯಲ್ಲಿದ್ದದ್ದನ್ನು ಕಿತ್ತು ನನ್ನದನ್ನು ನನ್ನ ಕೈಯಾರೆ ತುರುಕಿದೆ. ಅವನು ಎಳೆದ ಮೊದಲ ಉಸಿರಿನ ಸದ್ದು ನನಗೆ ಕೇಳಿಸಿತು. ಆಮೇಲೆ ಕತ್ತರಿ ತೆಗೆದು ಬಲೆ ಕತ್ತರಿಸಿದೆ. ಮಲ್ಪೆಯಲ್ಲಿ ಬಲೆ ಕತ್ತರಿಸಿದರೆ ಅಪ್ಪ ಕೈ ಮುರಿಯುತ್ತಿದ್ದರು. ಅಲ್ಲಿ ಮಾತ್ರ ಎಳೆ ಎಳೆ ಕತ್ತರಿಸುವಾಗಲೂ ನನಗೆ ಹಿಗ್ಗಾಯಿತು. ಅವನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದು ನಿಧಾನವಾಗಿ, ನಿಲ್ಲಬೇಕಾದಲ್ಲಿ ನಿಂತು, ಮೇಲೆ ತಂದೆ. ಕೋಪ ಮಾಡಿಕೊಳ್ಳಲಿಲ್ಲ. ಒಂದು ಟ್ಯಾಂಕಿನಲ್ಲಿ ಇಬ್ಬರ ಉಸಿರಿತ್ತು.

ದೋಣಿಯಲ್ಲಿ ಅವನ ವೆಟ್‌ಸೂಟಿನ ಕುತ್ತಿಗೆಯೊಳಗೆ ಬೆಚ್ಚಗಿನ ನೀರು ಸುರಿಯುತ್ತಿದ್ದೆವು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅಷ್ಟರಲ್ಲಿ ರಘುನಂದನ್ ಕ್ಯಾಮೆರಾ ಎತ್ತಿ ಹಿಡಿದುಕೊಂಡು ಏಣಿ ಹತ್ತಿದ.

"ಅಮೇಜಿಂಗ್! ಎಲ್ಲೋ ಹೋದೆ ಪ್ರಸನ್ನ? ಲಾಸ್ಟ್ ಶಾಟಲ್ಲಿ ಲೈಟೇ ಇಲ್ಲ."

"ಸಾರಿ ಸರ್" ಎಂದ ಪ್ರಸನ್ನ, ಹಲ್ಲು ಕಟಕಟ ಎನ್ನುತ್ತಿರುವಾಗಲೇ.

ಆ 'ಸಾರಿ' ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. "ಅವನ ಗಾಳಿ ಮುಗ್ದಿತ್ತು ಗೊತ್ತಾ? ಒಂದ್ಸಲನಾದ್ರೂ ಹಿಂದೆ ತಿರುಗಿ ನೋಡಿದ್ರಾ?" ಎಂದು ಕೂಗಿದೆ.

"ಆಂಟಿ, ಕಾಮ್ ಡೌನ್. ಅವ್ನೇನು ಚಿಕ್ ಮಗುನಾ? ತೊಂದ್ರೆ ಇದ್ರೆ ಸಿಗ್ನಲ್ ಮಾಡ್ಬೇಕಿತ್ತು. ನೀವೇ ಹೇಳಿದ್ರಲ್ಲ, ಹೆಬ್ಬೆರಳು ಸಾಕು ಅಂತ."

ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟ. ನಿಮ್ಮ ಹತ್ತಿರ ಸಂಬಳ ತೆಗೆದುಕೊಳ್ಳುವವನು ನಿಮಗೆ ಹೆಬ್ಬೆರಳು ತೋರಿಸುತ್ತಾನೇನ್ರೀ, ನಿಮ್ಮ ಆಫೀಸನ್ನು ಸಮುದ್ರದ ತಳಕ್ಕೂ ಹೊತ್ತುಕೊಂಡು ಹೋಗಿದ್ದೀರಲ್ಲ, ನಾಚಿಕೆಯಾಗುವುದಿಲ್ಲವೇ ಎಂದು ಅವನ ಟೀಮಿನ ಎದುರಿಗೇ ಜಾಡಿಸಿದೆ. ಟೀಮು ತಲೆ ತಗ್ಗಿಸಿ ಕಾಲಿಗೆ ಹಾಕುವ ಫಿನ್ ಒರೆಸುತ್ತಿತ್ತು. ಗ್ರೆಗ್‌ಗೆ ಕನ್ನಡ ಬರುವುದಿಲ್ಲ, ಆದರೆ ದನಿ ಅರ್ಥವಾಗುತ್ತದೆ. ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ.

ದಡ ಸೇರಿದ ಮೇಲೆ ಪಾರ್ಕಿಂಗಿನಲ್ಲಿ ಪ್ರಸನ್ನನನ್ನು ನನ್ನ ಕಾರಿನಲ್ಲಿ ಹೀಟರ್ ಹಾಕಿ ಕೂರಿಸಿದೆ. ಕೆರೆಯಲ್ಲಿ ಚಳಿಯಾದರೆ ಸಾಕು ಹೆಬ್ಬೆರಳು ಎತ್ತುತ್ತಿದ್ದವನು ಇಲ್ಲಿ ಯಾಕೆ ಎತ್ತಲಿಲ್ಲ ಎಂದು ಕೇಳಿದೆ.

ಕಾಫಿ ಕಪ್ಪಿಗೆ ಎರಡೂ ಕೈ ಒತ್ತಿ ಕಾಯಿಸಿಕೊಂಡ. "ಗ್ರೀನ್ ಕಾರ್ಡ್ ಪ್ರೋಸೆಸ್ ಈಗ್ಲೇ ಶುರು ಆಗ್ಬೇಕು ಆಂಟಿ. ಸರ್ ಹೂಂ ಅನ್ಬೇಕು. ಅವ್ರು ಶೂಟ್ ಮಾಡ್ತಿದ್ರು... ಇನ್ನೊಂದ್ ಸ್ವಲ್ಪ ಕಾದ್ರೆ ಮುಗ್ಸಿ ಬರ್ತಾರೆ ಅನ್ಕೊಂಡೆ. ಡಿಸ್ಟರ್ಬ್ ಮಾಡೋದು ಹೆಂಗೆ?"

ನಾನು ಬೈಯಲಿಲ್ಲ. ವೀಸಾದ ಬಾಲ ಹಿಡಿದವರಿಗೆ ಬಾಯಿ ತೆರೆಯುವ ಮುಂಚೆ ಮೂರು ಸಲ ಯೋಚಿಸುವ ಅಭ್ಯಾಸ ಮೂಳೆಯೊಳಗೆ ಇಳಿದಿರುತ್ತದೆ. ನನಗೂ ಇಳಿದಿತ್ತು. ಆದರೆ ಉಸಿರು ನಿಲ್ಲುವಾಗಲೂ ಯೋಚಿಸುವಷ್ಟು ಅದು ಆಳಕ್ಕೆ ಇಳಿಯುತ್ತದೆಂದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಆ ಹುಡುಗ ಬಲೆಯಿಂದ ಸಾಯುತ್ತಿರಲಿಲ್ಲ, ಮರ್ಯಾದೆಯಿಂದ ಸಾಯುತ್ತಿದ್ದ.

ರಘುನಂದನ್ ಸುಮ್ಮನಿರುವ ಆಸಾಮಿಯಲ್ಲ. ತನ್ನ ಟೀಮಿನ ಎದುರು ಅವಮಾನ ಮಾಡಿದಳೆಂದು ಅಂಗಡಿಗೆ ದೂರು ಕೊಟ್ಟ. ಕ್ಷಮೆ ಕೇಳಿ ಎರಡು ಸಾಲು ಬರೆದು ಕಳಿಸು, ಮುಗಿದುಹೋಗುತ್ತದೆ ಎಂದ ಗ್ರೆಗ್. ನಾನು ಬರೆಯಲಿಲ್ಲ. ಬಾಸ್ ಮತ್ತು ಅವನ ಕೈಕೆಳಗಿನವರನ್ನು ಇನ್ನು ಮೇಲೆ ಜೋಡಿ ಮಾಡಕೂಡದೆಂದು ಅಂಗಡಿಯಲ್ಲಿ ನಿಯಮ ಮಾಡು, ಬಾಯಿಗೆ ಕೊಳವೆ ಹಾಕಿಸದೆ ಪಾಸ್ ಮಾಡಿದವರನ್ನೆಲ್ಲ ಕರೆಸಿ ಬಿಟ್ಟಿಯಾಗಿ ಮತ್ತೆ ಕಲಿಸು, ಆಮೇಲೆ ಕ್ಷಮೆಯ ಮಾತಾಡೋಣ ಎಂದೆ. ಬಾಸ್‌ಗೆ ಬೇಡವೆನ್ನಲಾಗದ ಇಂಥ ಸಮಸ್ಯೆ ಅಮೆರಿಕನ್ನರಿಗೆ ಇಲ್ಲವೆಂದ ಗ್ರೆಗ್. ಇದೆ, ನಿನ್ನಲ್ಲೇ ಇದೆ, ಗಿರಾಕಿಗೆ ಬೇಡವೆನ್ನಲು ನಿನಗೂ ಬಾಯಿ ಬರುವುದಿಲ್ಲ, ನನ್ನ ಮಾತಿಗಿಂತ ಅವನ ಮಾತು ಹೆಚ್ಚು ಎಂದೆ. ಆ ಬೇಸಿಗೆಯೆಲ್ಲ ನನ್ನನ್ನು ದೋಣಿಯಿಂದಿಳಿಸಿ ಕೌಂಟರಿನಲ್ಲಿ ಕೂರಿಸಿದ. ಕನ್ನಡಕ, ಫಿನ್, ಟಿ-ಷರ್ಟ್ ಮಾರಿದೆ. ಹಳೆಯ ಶಿಷ್ಯರು ಬಂದಾಗಲೆಲ್ಲ ಅಂಗಡಿಯ ಹಿಂದಿನ ಕೊಳಕ್ಕೆ ಎಳೆದುಕೊಂಡು ಹೋಗಿ ಕೊಳವೆಯನ್ನು ಬಾಯಿಗೆ ಹಾಕಿಸಿ ಕಳಿಸಿದೆ. ಗ್ರೆಗ್ ನೋಡಿಯೂ ನೋಡದವನಂತೆ ಇದ್ದ.

ಮುಂದಿನ ವಸಂತದಲ್ಲಿ ಪ್ರಸನ್ನ ಒಬ್ಬನೇ ಬಂದ. "ಆಂಟಿ, ಲೂಲಾ ಮೇಗೆ ಇನ್ನೊಂದ್ಸಲ ಹೋಗ್ಬೇಕು."

"ಕಂಪನಿ ಚೇಂಜ್ ಮಾಡಿದ್ಯಾ?"

"ಇಲ್ಲ. ಅದೇ ಸರ್. ಸೋಮವಾರ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್ ಇದೆ" ಎಂದು ನಕ್ಕ. ಗ್ರೀನ್ ಕಾರ್ಡಿನ ವಿಷಯ ಇನ್ನೂ 'ನೋಡೋಣ' ಎಂಬಲ್ಲೇ ಇದೆಯಂತೆ. ಆ ದಿನದ ಸಂಗತಿಯನ್ನು ರಘುನಂದನ್ ಆಫೀಸಿನಲ್ಲಿ ತಮಾಷೆಯ ಕಥೆ ಮಾಡಿ ಹೇಳುತ್ತಾನಂತೆ, ಎಲ್ಲರೂ ನಗುತ್ತಾರಂತೆ, ಪ್ರಸನ್ನನೂ.

ಗ್ರೆಗ್‌ಗೆ ಆ ವಾರ ಗೈಡ್ ಸಿಕ್ಕಿರಲಿಲ್ಲ. ನಾನು ಬರುತ್ತೇನೆ, ಆದರೆ ಜೋಡಿ ಮಾಡುವವಳು ನಾನು ಎಂದೆ. ಗೊಣಗಿಕೊಂಡು ಒಪ್ಪಿದ. ಹೊರಡುವ ಮುಂಚೆ ಕೊಳದಲ್ಲಿ ಪ್ರಸನ್ನನಿಗೆ ನನ್ನ ಕೊಳವೆಯಿಂದ ಸಾಕುಸಾಕೆನ್ನುವಷ್ಟು ಉಸಿರಾಡಿಸಿದೆ.

ಆ ದಿನ ನೀರು ಅಪರೂಪಕ್ಕೆ ತಿಳಿಯಾಗಿತ್ತು. ಚಳಿ ಅದೇ ಚಳಿ. ಲೂಲಾ ಮೇಯ ಮುಂಭಾಗದಿಂದ ಹೊರಟು ಬದಿಯಲ್ಲೇ ಸಾಗಿದೆವು. ಬೆಳ್ಳಗಿನ ಹೂವಿನಂಥ ಹವಳಗಳು ಕಬ್ಬಿಣದ ಮೇಲೆ ಬೆಳೆದಿದ್ದವು, ಒಂದು ದೊಡ್ಡ ಮೀನು ಅಲುಗಾಡದೆ ನಮ್ಮನ್ನು ನೋಡಿತು. ಕಮಾನು ಕಂಡಿತು. ನಾನು ಕತ್ತರಿಸಿದ್ದ ಬಲೆಯ ತುಂಡುಗಳು ಅಲ್ಲೇ ತೂಗುತ್ತಿದ್ದವು. ದೂರದಲ್ಲೇ ನಿಂತೆವು. ಅವನ ಗೇಜ್ ನೋಡಿದೆ, ಗಾಳಿ ಧಾರಾಳವಾಗಿತ್ತು. ಉಸಿರು ನಿಧಾನವಾಗಿತ್ತು. ಕಣ್ಣಲ್ಲಿ ಹೆದರಿಕೆ ಇರಲಿಲ್ಲ. ನಾನು ಆರಂಭಿಸಿದ ಕಾಲದಿಂದ ಅಷ್ಟು ಒಳ್ಳೆಯ ಡೈವ್‌ಗಳು ನನಗೆ ಸಿಕ್ಕಿದ್ದೇ ಕಡಿಮೆ.

ಪ್ರಸನ್ನ ನನ್ನ ಕಡೆ ತಿರುಗಿದ. ಕೈ ಚಾಚಿ, ಹೆಬ್ಬೆರಳು ಮೇಲಕ್ಕೆತ್ತಿದ.

ನಾನೂ ಎತ್ತಿದೆ. ಇಬ್ಬರೂ ಹಗ್ಗದ ಪಕ್ಕದಲ್ಲೇ ಮೇಲೆ ಬಂದೆವು.

ತಲೆ ನೀರಿನಿಂದ ಹೊರಬಂದಾಗ ಪ್ರಸನ್ನ ಬಾಯಿಂದ ಕೊಳವೆ ತೆಗೆದ. ನಾನೇನೂ ಕೇಳಿರಲಿಲ್ಲ. "ಏನೂ ಆಗಿರ್ಲಿಲ್ಲ ಆಂಟಿ" ಎಂದ. "ಅದೇ ಜಾಗದಲ್ಲಿ ಒಂದ್ಸಲ ಹೇಳಿ ನೋಡ್ಬೇಕಿತ್ತು." ಅವನ ಕನ್ನಡಕದೊಳಗೆ ನೀರು ತುಂಬಿತ್ತು, ಸಮುದ್ರದ್ದಲ್ಲ. ಒಬ್ಬ ಓದಿದ, ದುಡಿಯುವ, ತೆರಿಗೆ ಕಟ್ಟುವ ಗಂಡಸು 'ಸಾಕು' ಎಂಬ ಒಂದು ಮಾತು ಹೇಳಿ ನೋಡಲು ಆ ಮಂಜುನೀರಿನ ತಳದವರೆಗೆ ಹೋಗಬೇಕಾಯಿತಲ್ಲ ಎಂದು ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. ಆ ಸಿಟ್ಟು ಇನ್ನೂ ಹೋಗಿಲ್ಲ, ಹೋಗುವುದೂ ಬೇಡ.

ಗ್ರೆಗ್ ದೋಣಿಯ ಅಂಚಿಗೆ ಬಂದು ಬಗ್ಗಿದ. ಇಷ್ಟು ಬೇಗ ಯಾಕೆ ಬಂದಿರಿ, ಏನು ತೊಂದರೆಯಾಯಿತು ಎಂದು ಕೂಗಿದ.

"ಅವನು ಮೇಲೆ ಹೋಗೋಣ ಅಂದ" ಎಂದೆ. "ಬಂದೆವು."